ಮಂದ್ರಕ್ಕೆ ಮಾತು ಕೊಟ್ಟ ರಿಕ್ ಟರ್ನರ್

ಗಣೇಶೋತ್ಸವದ ಆರ್ಕೆಸ್ಟ್ರಾ ಕೇಳಿದವರಿಗೆ ಈ ಅನುಭವ ಹೊಸದಲ್ಲ. ಗಾಯಕರ ದನಿ ಕೇಳಿಸುತ್ತದೆ, ಕೀಬೋರ್ಡ್ ಕೇಳಿಸುತ್ತದೆ, ತಬಲಾ, ಢೋಲಕ್ ಕೇಳಿಸುತ್ತವೆ. ಬೇಸ್ ಗಿಟಾರ್ ಮಾತ್ರ ಎದೆಗೆ ಬಂದು ಗುದ್ದುತ್ತದೆ. ಗುದ್ದಿದ್ದು ಷಡ್ಜವೋ ಪಂಚಮವೋ ಎಂದು ಕೇಳಿದರೆ ಹೇಳುವುದು ಕಷ್ಟ. ನುಡಿಸುವವರು ಸ್ವರ ಸರಿಯಾಗಿಯೇ ಹಿಡಿದಿರುತ್ತಾರೆ. ಆದರೆ ಆ ಸ್ವರ ತಂತಿಯಿಂದ ಹೊರಟು, ವೈರಿನಲ್ಲಿ ಹರಿದು, ಸ್ಪೀಕರಿನಿಂದ ಹೊರಬಿದ್ದು ಕೊನೆಯ ಸಾಲಿನ ಕುರ್ಚಿ ಮುಟ್ಟುವ ಹೊತ್ತಿಗೆ ಕಲಸಿಹೋಗಿರುತ್ತದೆ.

ಮಂದ್ರಸ್ಥಾಯಿಯ ಸ್ವರವನ್ನು ಕಲಸದಂತೆ ಕೇಳುಗರ ಕಿವಿಯವರೆಗೆ ಒಯ್ಯುವುದು ಹೇಗೆ ಎಂಬ ಪ್ರಶ್ನೆಯ ಬೆನ್ನು ಹತ್ತಿದವರು ಅಮೆರಿಕದ ವಾದ್ಯ ತಯಾರಕ ರಿಕ್ ಟರ್ನರ್. 2022ರ ಏಪ್ರಿಲ್ 17ರಂದು, ತಮ್ಮ 78ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಗಿಟಾರ್ ನುಡಿಸುವವರ, ತಯಾರಿಸುವವರ ವಲಯದಾಚೆ ಅವರ ಹೆಸರು ಅಷ್ಟಾಗಿ ಹರಡಿರಲಿಲ್ಲ. ಆದರೆ ಇವತ್ತು ಬೆಂಗಳೂರಿನ ವಾದ್ಯದಂಗಡಿಯಲ್ಲಿ ಐದು ತಂತಿಯ ಬೇಸ್ ಗಿಟಾರೊಂದನ್ನು ಕೈಗೆತ್ತಿಕೊಂಡು ಅದರ ಬೆನ್ನು ತಿರುಗಿಸಿ ನೋಡಿ. ಅಲ್ಲೊಂದು ಪುಟ್ಟ ಮುಚ್ಚಳ, ಅದರೊಳಗೆ 9 ವೋಲ್ಟಿನ ಬ್ಯಾಟರಿ ಇರುವ ಸಾಧ್ಯತೆ ಹೆಚ್ಚು. ಆ ಬ್ಯಾಟರಿ ಅಲ್ಲಿಗೆ ಬಂದು ಕೂತ ಕಥೆಯಲ್ಲಿ ಟರ್ನರ್ ದೊಡ್ಡ ಪಾತ್ರಧಾರಿ.

ಮೊದಲು ತೊಡಕೇನೆಂದು ನೋಡೋಣ. ಬೇಸ್ ಗಿಟಾರಿನ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಗಾಳಿಯಲ್ಲಿ ಆ ಕಂಪನದ ಒಂದು ಅಲೆಯ ಉದ್ದ ಎಂಟು ಮೀಟರಿಗೂ ಹೆಚ್ಚು. ಅಂದರೆ ಮಾಮೂಲಿ ಕೋಣೆಯೊಳಗೆ ಒಂದು ಪೂರ್ತಿ ಅಲೆಗೂ ಜಾಗವಿಲ್ಲ. ಅದು ಗೋಡೆಗಳ ನಡುವೆ ಪುಟಿದು, ತನ್ನ ಮೇಲೆ ತಾನೇ ಬಿದ್ದು, ಒಂದು ಮೂಲೆಯಲ್ಲಿ ಅಬ್ಬರಿಸಿ ಇನ್ನೊಂದು ಮೂಲೆಯಲ್ಲಿ ಅಡಗಿಹೋಗುತ್ತದೆ. ಸಾಲದ್ದಕ್ಕೆ, ಇಷ್ಟು ತಗ್ಗಿನ ಕಂಪನಗಳ ವಿಷಯದಲ್ಲಿ ಮನುಷ್ಯರ ಕಿವಿ ಮಂದ. ಹಾಗಿದ್ದೂ ನಾವು ಮಂದ್ರ ಸ್ವರವನ್ನು ಗುರುತಿಸುತ್ತೇವಲ್ಲ, ಹೇಗೆ? ಯಾವ ತಂತಿಯೂ ಒಂದೇ ಒಂದು ಸ್ವರ ನುಡಿಯುವುದಿಲ್ಲ. 41ರ ಜೊತೆಗೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು, ಐದರಷ್ಟು ಕಂಪನಗಳೂ ಏಳುತ್ತವೆ. ತಂಬೂರಿಯ ಮಂದ್ರ ಷಡ್ಜವನ್ನು ಮೀಟಿದಾಗ ಯಾರೂ ನುಡಿಸದ ಗಾಂಧಾರ ತಾನಾಗಿ ಕೇಳಿಸುವುದು ಈ ಕಾರಣಕ್ಕೇ. ಕುದುರೆಯ ಮೇಲೆ ತಂತಿಯಡಿ ಸೇರಿಸುವ ಜೀವಾಳದ ಎಳೆ ಈ ಉಪಸ್ವರಗಳನ್ನು ಎಬ್ಬಿಸಿ ಹೊಳಪು ಕೊಡುತ್ತದೆ. ಎಳೆ ತೆಗೆದುಬಿಟ್ಟರೆ ಅದೇ ತಂತಿ ಮೊಂಡಾಗುತ್ತದೆ. ಬೇಸ್ ಗಿಟಾರಿನಲ್ಲೂ ಕಿವಿ ಸ್ವರವನ್ನು ಹಿಡಿಯುವುದು ಮುಖ್ಯವಾಗಿ ಈ ಮೇಲಿನ ಕಂಪನಗಳ ಆಸರೆಯಿಂದ. ಬೆರಳು ತಂತಿಯನ್ನು ಬಿಟ್ಟ ಆ ಚಿಟಿಕೆಯಷ್ಟು ಸದ್ದೂ ಅಲ್ಲೇ ಇರುತ್ತದೆ.

ಹಾಗಾಗಿ ಮಂದ್ರ ಸ್ಪಷ್ಟವಾಗಬೇಕಾದರೆ ಮೇಲಿನದನ್ನು ಉಳಿಸಿಕೊಳ್ಳಬೇಕು. 1960ರ ದಶಕದ ಬೇಸ್ ಗಿಟಾರುಗಳಲ್ಲಿ ಮೊದಲು ಸೋರಿಹೋಗುತ್ತಿದ್ದದ್ದು ಅದೇ.

ಆ ದಶಕದ ಬೇಸ್ ಎಂದರೆ ಹೆಚ್ಚುಪಾಲು ಲಿಯೋ ಫೆಂಡರ್ ಅವರ ಕೊಡುಗೆ. 1951ರಲ್ಲಿ ಬಂದ ಅವರ ಪ್ರಿಸಿಷನ್ ಬೇಸ್ ಆಳೆತ್ತರದ ಡಬಲ್ ಬೇಸನ್ನು ಹೊತ್ತು ತಿರುಗುವ ಕಷ್ಟದಿಂದ ನುಡಿಸುವವರನ್ನು ಪಾರುಮಾಡಿತು. ಸರಳ, ಗಟ್ಟಿ, ಕೆಟ್ಟರೆ ಸ್ಕ್ರೂಡ್ರೈವರ್ ಹಿಡಿದು ಸರಿಮಾಡಿಕೊಳ್ಳಬಹುದಾದ ವಾದ್ಯ. ಅದರ ದುಂಡನೆಯ ದನಿಯ ಮೇಲೆ ಅಮೆರಿಕದ ಜನಪ್ರಿಯ ಸಂಗೀತದ ಬಹುಭಾಗ ನಿಂತಿದೆ. ಅದನ್ನು ಕಡಿಮೆ ಮಾಡಿ ಹೇಳುವ ಅಗತ್ಯವಿಲ್ಲ. ಆದರೆ ಆ ದನಿ ಮೇಳದ ಹಿಂದೆ ನಿಂತು ತಾಳ ಹಿಡಿಯುವುದಕ್ಕೆ ಹೇಳಿ ಮಾಡಿಸಿದ್ದು. 60ರ ದಶಕದ ಕೊನೆಗೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬೇರೆ ಬಗೆಯ ವಾದಕರು ಬಂದರು. ಗ್ರೇಟ್‌ಫುಲ್ ಡೆಡ್ ತಂಡದ ಫಿಲ್ ಲೆಶ್, ಜೆಫರ್ಸನ್ ಏರ್‌ಪ್ಲೇನ್ ತಂಡದ ಜ್ಯಾಕ್ ಕ್ಯಾಸಡಿ. ಲೆಶ್ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ರಚನೆಯನ್ನು ಓದಿ ಬಂದವರು. ಅವರ ಬೇಸ್ ಹಾಡಿನ ಅಡಿಯಲ್ಲಿ ಸುಮ್ಮನೆ ಮಲಗುತ್ತಿರಲಿಲ್ಲ, ಗಿಟಾರಿನ ಜೊತೆ ಮಾತಿಗೆ ಮಾತು ಕೊಡುತ್ತಿತ್ತು. ಹಾಗೆ ನುಡಿಸುವವರಿಗೆ ತಮ್ಮ ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಕೇಳಬೇಕು. ವಾದ್ಯಗಳು ಅದಕ್ಕೆ ಸಿದ್ಧವಾಗಿರಲಿಲ್ಲ.

ಟರ್ನರ್ ಈ ಲೋಕಕ್ಕೆ ಬಂದದ್ದು ಪೂರ್ವ ಕರಾವಳಿಯಿಂದ. 1943ರಲ್ಲಿ ಹುಟ್ಟಿ ಮ್ಯಾಸಚೂಸೆಟ್ಸ್ ರಾಜ್ಯದ ಕಡಲೂರು ಮಾರ್ಬಲ್‌ಹೆಡ್‌ನಲ್ಲಿ ಬೆಳೆದವರು. 60ರ ದಶಕದ ಆರಂಭದಲ್ಲಿ ಬೋಸ್ಟನ್ನಿನ ತಂತಿವಾದ್ಯ ರಿಪೇರಿ ಅಂಗಡಿಯೊಂದರಲ್ಲಿ ಕೈ ಪಳಗಿಸಿಕೊಂಡರು. ಕೆನಡಾದ ಜಾನಪದ ಗಾಯಕ ಜೋಡಿ ಇಯಾನ್ ಮತ್ತು ಸಿಲ್ವಿಯಾ ಅವರಿಗೆ ಗಿಟಾರ್ ಸಾಥ್ ನೀಡಿದರು. ನ್ಯೂಯಾರ್ಕಿನ ಆಟೋಸ್ಯಾಲ್ವೇಜ್ ಎಂಬ ರಾಕ್ ತಂಡದಲ್ಲಿದ್ದರು. ಆ ತಂಡ 1968ರಲ್ಲಿ ಒಂದೇ ಒಂದು ಆಲ್ಬಂ ಹೊರತಂದು ಚದುರಿತು. ಆಮೇಲೆ ಕ್ಯಾಲಿಫೋರ್ನಿಯಾ.

ಈ ಪೂರ್ವಕಥೆಯಲ್ಲಿ ನನಗೆ ಮುಖ್ಯವೆನಿಸುವುದು ರಿಪೇರಿ ಅಂಗಡಿ. ಹೊಸ ವಾದ್ಯವನ್ನಷ್ಟೇ ಕಂಡವರಿಗೆ ಅದರ ಚೆಲುವು ಗೊತ್ತಾಗುತ್ತದೆ. ಒಡೆದ ವಾದ್ಯವನ್ನು ಬಿಚ್ಚಿದವರಿಗೆ ಅದರ ಒಳಗು ಗೊತ್ತಾಗುತ್ತದೆ: ವಾದ್ಯದ ಕತ್ತು, ಅಂದರೆ ನೆಕ್, ಯಾವ ಕಡೆ ಬಾಗುತ್ತದೆ, ಅಂಟು ಎಲ್ಲಿ ಬಿಡುತ್ತದೆ, ಹಳಬರು ಯಾವ ಕೀಲಿನಲ್ಲಿ ಯಾವ ಉಪಾಯ ಮಾಡಿದ್ದರು. ಟರ್ನರ್ ಕೊನೆಯವರೆಗೂ ಹಳೆಯ ವಾದ್ಯಗಳ ಗಂಭೀರ ವಿದ್ಯಾರ್ಥಿಯಾಗಿದ್ದರು. ಹೊಸತನದ ಹೆಸರಿನಲ್ಲಿ ಹಳೆಯದನ್ನು ಅವರು ಎಂದೂ ಹಗುರವಾಗಿ ಕಾಣಲಿಲ್ಲ.

ಕ್ಯಾಲಿಫೋರ್ನಿಯಾದಲ್ಲಿ ಅವರಿಗೆ ಸಿಕ್ಕ ಮುಖ್ಯ ಜೊತೆಗಾರ ರಾನ್ ವಿಕರ್‌ಶಾಮ್. ಟೇಪ್ ರೆಕಾರ್ಡರುಗಳಿಗೆ ಹೆಸರಾದ ಆಂಪೆಕ್ಸ್ ಕಂಪನಿಯಲ್ಲಿ ದುಡಿದು ಬಂದಿದ್ದ ಎಲೆಕ್ಟ್ರಾನಿಕ್ಸ್ ಎಂಜಿನಿಯರ್. ಗ್ರೇಟ್‌ಫುಲ್ ಡೆಡ್ ತಂಡದ ಧ್ವನಿ ವ್ಯವಸ್ಥೆ ನೋಡಿಕೊಳ್ಳುತ್ತಿದ್ದ ಆವ್ಸ್ಲಿ ಸ್ಟ್ಯಾನ್ಲಿಯ ಸುತ್ತ ಸೇರಿದ್ದ ಗುಂಪು 1969ರಲ್ಲಿ ಅಲೆಂಬಿಕ್ ಎಂಬ ಹೆಸರಿನಲ್ಲಿ ಕೆಲಸ ಆರಂಭಿಸಿತ್ತು. 1970ರಲ್ಲಿ ಅದು ಕಂಪನಿಯಾದಾಗ ವಿಕರ್‌ಶಾಮ್, ರೆಕಾರ್ಡಿಂಗ್ ಎಂಜಿನಿಯರ್ ಬಾಬ್ ಮ್ಯಾಥ್ಯೂಸ್ ಮತ್ತು ಟರ್ನರ್ ಪಾಲುದಾರರಾದರು. ಅಲ್ಲಿಯವರೆಗೆ ಗಿಟಾರ್ ಕಾರ್ಖಾನೆಯಲ್ಲಿ ಮರಗೆಲಸದವರು ಒಂದು ಕಡೆ, ವೈರಿನ ಕೆಲಸದವರು ಇನ್ನೊಂದು ಕಡೆ, ಆಂಪ್ಲಿಫೈಯರ್ ತಯಾರಿಸುವವರು ಮತ್ತೊಂದು ಕಡೆ. ಸಭಾಂಗಣದ ಸ್ಪೀಕರ್ ಕಟ್ಟುವವರಂತೂ ಬೇರೆಯೇ ಜನ. ಅಲೆಂಬಿಕ್‌ನಲ್ಲಿ ಮರ, ಸುರುಳಿ, ಸರ್ಕ್ಯೂಟು, ಸ್ಪೀಕರು, ರೆಕಾರ್ಡಿಂಗು ಎಲ್ಲವೂ ಒಂದೇ ಬಳಗದ ಕೈಯಲ್ಲಿದ್ದವು. ತಂತಿಯಲ್ಲಿ ಹುಟ್ಟಿದ ಸ್ವರ ಎಲ್ಲಿ ಕೆಡುತ್ತಿದೆ ಎಂದು ಮೊದಲಿನಿಂದ ಕೊನೆಯವರೆಗೆ ಹಿಂಬಾಲಿಸಿ ನೋಡಲು ಅವರಿಗೆ ಸಾಧ್ಯವಾಯಿತು. ಟರ್ನರ್ ಅವರ ಹೊಸತನದ ಬೇರು ಇಲ್ಲಿದೆ ಎಂದು ನಾನು ತಿಳಿಯುತ್ತೇನೆ. ವಾದ್ಯ ಎಂದರೆ ಕೈಯಲ್ಲಿ ಹಿಡಿದ ಮರದ ತುಂಡಷ್ಟೇ ಅಲ್ಲ, ಕೇಳುಗರ ಕಿವಿಯವರೆಗಿನ ಇಡೀ ದಾರಿ ಎಂದು ಅವರು ಕಂಡರು.

ಮೊದಲು ಕೈಯಿಟ್ಟದ್ದು ಪಿಕಪ್ಪಿಗೆ. ಎಲೆಕ್ಟ್ರಿಕ್ ಗಿಟಾರಿನ ಪಿಕಪ್ ಎಂದರೆ ಅಯಸ್ಕಾಂತ ಮತ್ತು ಅದರ ಸುತ್ತ ಸುತ್ತಿದ ಕೂದಲೆಳೆಯಂಥ ತಾಮ್ರದ ತಂತಿ. ಉಕ್ಕಿನ ತಂತಿ ಮೇಲೆ ಕಂಪಿಸಿದಾಗ ಸುರುಳಿಯಲ್ಲಿ ಅದೇ ಲಯದ ಸಣ್ಣ ವಿದ್ಯುತ್ ಹುಟ್ಟುತ್ತದೆ. ಆ ವಿದ್ಯುತ್ತು ಬಲವಾಗಿರಲಿ ಎಂದು ತಯಾರಕರು ಸಾವಿರಾರು ಸುತ್ತು ಸುತ್ತುತ್ತಿದ್ದರು. ಸುತ್ತು ಹೆಚ್ಚಿದಷ್ಟೂ ಸಂಕೇತ ಜೋರು. ಆದರೆ ಸುತ್ತು ಹೆಚ್ಚಿದಷ್ಟೂ ಇಂಪೀಡೆನ್ಸ್ ಕೂಡ ಏರುತ್ತದೆ, ಅಂದರೆ ಪರ್ಯಾಯ ವಿದ್ಯುತ್ತಿಗೆ ಆ ಸುರುಳಿ ಒಡ್ಡುವ ತಡೆ ಹೆಚ್ಚುತ್ತದೆ. ಗಿಟಾರಿನಿಂದ ಆಂಪ್ಲಿಫೈಯರಿನವರೆಗೆ ಎಳೆದ ಉದ್ದ ಕೇಬಲ್ಲಿಗೂ ತನ್ನದೇ ವಿದ್ಯುತ್ ಗುಣವಿದೆ. ಇವೆರಡು ಸೇರಿದರೆ ಎತ್ತರದ ಕಂಪನಗಳು ದಾರಿಯಲ್ಲೇ ಕಳೆದುಹೋಗುತ್ತವೆ. ಕೇಬಲ್ ಉದ್ದವಾದಷ್ಟೂ ದನಿ ಮಸುಕು. ಬೇಸಿನ ಸ್ವರವನ್ನು ಗುರುತಿಸಲು ಕಿವಿಗೆ ಬೇಕಾದ ಉಪಸ್ವರಗಳೇ ಹೀಗೆ ಬಲಿಯಾಗುತ್ತಿದ್ದವು.

ಟರ್ನರ್ ಮತ್ತು ವಿಕರ್‌ಶಾಮ್ ಉಲ್ಟಾ ದಾರಿ ಹಿಡಿದರು. ಸುತ್ತು ಕಡಿಮೆ ಮಾಡಿ, ತಗ್ಗು ಇಂಪೀಡೆನ್ಸಿನ ಪಿಕಪ್ ಮಾಡಿದರು. ಸಂಕೇತ ಕ್ಷೀಣವಾಯಿತು, ಆದರೆ ತಳದಿಂದ ತುದಿಯವರೆಗೆ ಎಲ್ಲ ಕಂಪನಗಳೂ ಅದರಲ್ಲಿ ಉಳಿದವು. ಕ್ಷೀಣವಾದದ್ದನ್ನು ಬಲಪಡಿಸಲು ವಾದ್ಯದ ಹೊಟ್ಟೆಯೊಳಗೇ ಪುಟ್ಟ ಪ್ರೀಆಂಪ್ ಕೂರಿಸಿದರು. ಸಂಕೇತ ಕೇಬಲ್ಲಿಗೆ ಇಳಿಯುವ ಮೊದಲೇ ಗಟ್ಟಿಯಾಗಿರುತ್ತದೆ, ಇನ್ನು ಕೇಬಲ್ ಎಷ್ಟುದ್ದವಾದರೂ ಭಯವಿಲ್ಲ. ತಗ್ಗು ಇಂಪೀಡೆನ್ಸಿನ ಕಲ್ಪನೆ ಅವರದೊಂದೇ ಅಲ್ಲ. ಗಿಟಾರ್ ವಾದಕ ಲೆಸ್ ಪಾಲ್ ಅದನ್ನು ಮೊದಲಿನಿಂದಲೂ ಪ್ರತಿಪಾದಿಸಿದ್ದರು. ಅದಕ್ಕೆ ಒಳಗಿನ ಪ್ರೀಆಂಪ್ ಸೇರಿಸಿ, ಬೇಸಿಗೆ ಹೊಂದಿಸಿ, ಸಂಗೀತಗಾರರ ಕೈಗಿಟ್ಟದ್ದು ಅಲೆಂಬಿಕ್. ಇಂದು ನಾವು ಆಕ್ಟಿವ್ ಬೇಸ್ ಎಂದು ಕರೆಯುವ ವರ್ಗದ ಆರಂಭ ಬಹುಮಟ್ಟಿಗೆ ಅಲ್ಲಿಂದ. ಬೇಸಿನ ಬೆನ್ನಿನ ಆ ಬ್ಯಾಟರಿ ಇರುವುದು ಈ ಪ್ರೀಆಂಪಿಗಾಗಿ.

ಒಂಟಿ ಸುರುಳಿಯ ಪಿಕಪ್ಪಿಗೆ ಇನ್ನೊಂದು ರೋಗವಿದೆ: ಗುಂಯ್‌ಗುಡುವುದು. ಸುತ್ತಲಿನ ವಿದ್ಯುತ್ ವೈರುಗಳ ಕಂಪನ, ಅಮೆರಿಕದಲ್ಲಿ ಸೆಕೆಂಡಿಗೆ 60, ನಮ್ಮಲ್ಲಿ 50, ನೇರ ಸುರುಳಿಯೊಳಗೆ ನುಸುಳುತ್ತದೆ. ಈ ಸಂಖ್ಯೆಗಳು ಬೇಸಿನ ಸ್ವರಗಳ ವ್ಯಾಪ್ತಿಯ ಒಳಗೇ ಬೀಳುವುದರಿಂದ ಅದನ್ನು ಸೋಸಿ ತೆಗೆಯಹೋದರೆ ಸಂಗೀತವೂ ಹೋಗುತ್ತದೆ. ಅಲೆಂಬಿಕ್‌ನ ಪ್ರಸಿದ್ಧ ಬೇಸುಗಳಲ್ಲಿ ಎರಡು ಪಿಕಪ್ಪುಗಳ ನಡುವೆ ಮೂರನೆಯದೊಂದು ಕಾಣಿಸುತ್ತದೆ. ಅದು ಪಿಕಪ್ ಅಲ್ಲ, ಅಯಸ್ಕಾಂತವಿಲ್ಲದ ಬರಿಯ ಸುರುಳಿ. ತಂತಿಯ ಕಂಪನ ಅದಕ್ಕೆ ತಟ್ಟುವುದಿಲ್ಲ, ಗುಂಯ್‌ಗುಟ್ಟುವಿಕೆ ಮಾತ್ರ ತಟ್ಟುತ್ತದೆ. ಅದನ್ನು ತಿರುಗುಮುರುಗಾಗಿ ಜೋಡಿಸಿದರೆ ಗದ್ದಲ ಗದ್ದಲವನ್ನು ಅಳಿಸಿ, ಸಂಗೀತ ಹಾಗೇ ಉಳಿಯುತ್ತದೆ. ಮೊದಲ ಸಲ ಇದನ್ನು ಅರ್ಥಮಾಡಿಕೊಂಡಾಗ ನನಗಾದ ಸಂತೋಷ ಇನ್ನೂ ನೆನಪಿದೆ.

ಮರದ ಕೆಲಸ ಟರ್ನರ್ ಅವರದು. ಕ್ಯಾಸಡಿಗಾಗಿ ತಯಾರಾಗಿ 1972ರಲ್ಲಿ ಮುಗಿದ ಬೇಸ್ ಅಲೆಂಬಿಕ್‌ನ ಮೊದಲ ಪೂರ್ಣ ವಾದ್ಯವೆಂದು ಹೆಸರಾಗಿದೆ. ಅದರಲ್ಲಿ ಪಿಕಪ್ಪುಗಳನ್ನು ಹಿತ್ತಾಳೆಯ ಹಳಿಗಳ ಮೇಲೆ ಹಿಂದಕ್ಕೂ ಮುಂದಕ್ಕೂ ಸರಿಸಬಹುದಿತ್ತು. ತಂತಿಯ ಯಾವ ಜಾಗದಲ್ಲಿ ಕಂಪನವನ್ನು ಹಿಡಿಯುತ್ತೇವೆ ಎಂಬುದರ ಮೇಲೆ ದನಿಯ ಬಣ್ಣ ನಿಲ್ಲುತ್ತದೆ. ಅದನ್ನು ತಯಾರಕರು ಒಮ್ಮೆಗೇ ತೀರ್ಮಾನಿಸಿಬಿಡುವ ಬದಲು ವಾದಕರ ಕೈಗೆ ಬಿಟ್ಟರು. ನೆಕ್ ವಿಷಯದಲ್ಲೂ ಹೊಸ ದಾರಿ. ಫೆಂಡರ್ ನೆಕ್ಕನ್ನು ಸ್ಕ್ರೂ ಹಾಕಿ ದೇಹಕ್ಕೆ ಬಿಗಿಯುತ್ತಿದ್ದರು. ಅಲೆಂಬಿಕ್ ಬೇಸಿನಲ್ಲಿ ನೆಕ್ಕೇ ವಾದ್ಯದ ತುದಿಯಿಂದ ತಳದವರೆಗೆ ಹಾದುಹೋಗುವ ಬೆನ್ನೆಲುಬು, ದೇಹದ ಎರಡು ರೆಕ್ಕೆಗಳನ್ನು ಅದರ ಬದಿಗೆ ಅಂಟಿಸುತ್ತಾರೆ. ತಂತಿಯ ಎರಡು ಕೊನೆಗಳ ನಡುವೆ ಕೀಲೇ ಇಲ್ಲ. ನಮ್ಮಲ್ಲಿ ಒಂದೇ ದಿಮ್ಮಿಯಲ್ಲಿ ಕೊರೆದ ಏಕಾಂಡ ವೀಣೆಗೆ ವೈಣಿಕರು ಕೊಡುವ ಬೆಲೆಯ ಹಿಂದೆಯೂ ಇದೇ ನಂಬಿಕೆ ಇದೆ. ಟರ್ನರ್ ಮಾತ್ರ ಒಂದೇ ಮರವನ್ನು ನೆಚ್ಚಲಿಲ್ಲ. ಮೇಪಲ್, ಪರ್ಪಲ್‌ಹಾರ್ಟ್ ಮುಂತಾದ ಗಟ್ಟಿಮರಗಳ ಪಟ್ಟಿಗಳನ್ನು ಪದರಪದರವಾಗಿ ಅಂಟಿಸಿದರು. ಒಂದು ಪಟ್ಟಿ ಬಾಗಲು ಹೊರಟರೆ ಪಕ್ಕದ್ದು ತಡೆಯುತ್ತದೆ.

ಈ ವಾದ್ಯ ಏನು ಮಾಡಬಲ್ಲದು ಎಂಬುದನ್ನು ಲೋಕಕ್ಕೆ ತೋರಿಸಿದವರು ಬೇಸ್ ವಾದಕ ಸ್ಟ್ಯಾನ್ಲಿ ಕ್ಲಾರ್ಕ್. 70ರ ದಶಕದ ಆರಂಭದಲ್ಲಿ ರಿಟರ್ನ್ ಟು ಫಾರೆವರ್ ತಂಡದೊಂದಿಗೆ ಅವರು ಸ್ಯಾನ್ ಫ್ರಾನ್ಸಿಸ್ಕೋ ಕಡೆ ಬಂದಿದ್ದರು. ಕಛೇರಿ ಮುಗಿದ ಮೇಲೆ ಟರ್ನರ್ ಅವರು ಕ್ಲಾರ್ಕ್ ಬಳಿಗೆ ಹೋಗಿ, ನಿಮ್ಮ ವಾದನ ಅದ್ಭುತ, ಆದರೆ ಬೇಸಿನ ದನಿ ಚೆನ್ನಾಗಿಲ್ಲ ಎಂದು ನೇರವಾಗಿ ಹೇಳಿದರಂತೆ. ಬಳಿಕ ತಾವು ತಯಾರಿಸಿದ ಬೇಸನ್ನು ನುಡಿಸಿ ನೋಡಲು ಕೊಟ್ಟರು. ಕ್ಲಾರ್ಕ್ ಈ ಘಟನೆಯನ್ನು ಸಂದರ್ಶನಗಳಲ್ಲಿ ಕೃತಜ್ಞತೆಯಿಂದ ನೆನೆದಿದ್ದಾರೆ. ತಲೆಯೊಳಗೆ ಕೇಳುತ್ತಿದ್ದದ್ದು ಆ ವಾದ್ಯದಲ್ಲಿ ಮೊದಲ ಬಾರಿಗೆ ಹೊರಗೂ ಕೇಳಿತು ಎಂಬುದು ಅವರ ಮಾತಿನ ಸಾರ. 1976ರ ಅವರ ‘ಸ್ಕೂಲ್ ಡೇಸ್’ ಆಲ್ಬಂ ಕೇಳಿ ನೋಡಿ. ಬೇಸ್ ಅಲ್ಲಿ ರಾಗವನ್ನು ಮುಂದಿಡುತ್ತದೆ, ತಂತಿಯ ಮೇಲೆ ಬೆರಳು ಬಿದ್ದದ್ದೂ ಎದ್ದದ್ದೂ ಎಣಿಸಬಹುದಾದಷ್ಟು ನಿಚ್ಚಳ. ಅದೇ ವರ್ಷ ಜಿಮ್ಮಿ ಜಾನ್ಸನ್ ಎಂಬ ವಾದಕ ಅಲೆಂಬಿಕ್‌ನಿಂದ ಐದು ತಂತಿಯ ಬೇಸ್ ಮಾಡಿಸಿಕೊಂಡರು, ಐದನೆಯದು 41ಕ್ಕಿಂತಲೂ ಕೆಳಗಿನ, ಸೆಕೆಂಡಿಗೆ ಸುಮಾರು 31 ಕಂಪನದ ತಂತಿ. ಅಷ್ಟು ಆಳದ ಸ್ವರ ಸ್ವರವಾಗಿ ಕೇಳಬೇಕಾದರೆ ದನಿಯ ನಿಚ್ಚಳತೆ ಮೊದಲು ಬೇಕು. ಅದಿಲ್ಲದಿದ್ದರೆ ಐದನೇ ತಂತಿ ಬರಿಯ ಗುಡುಗು.

ವಾದ್ಯ ಎಷ್ಟೇ ನಿಚ್ಚಳವಾದರೂ ಸಭಾಂಗಣ ಅದನ್ನು ಕೆಡಿಸಬಹುದಲ್ಲ? ಅದಕ್ಕೆ ಉತ್ತರವೆಂಬಂತೆ 1974ರ ಮಾರ್ಚ್ 23ರಂದು ಸ್ಯಾನ್ ಫ್ರಾನ್ಸಿಸ್ಕೋ ಬಳಿಯ ಕೌ ಪ್ಯಾಲೇಸ್‌ನಲ್ಲಿ ಗ್ರೇಟ್‌ಫುಲ್ ಡೆಡ್ ತಂಡದ ಹಿಂದೆ ಒಂದು ಗೋಡೆ ಎದ್ದಿತು. ವಾಲ್ ಆಫ್ ಸೌಂಡ್ ಎಂದೇ ಅದರ ಹೆಸರು. ಸುಮಾರು 600 ಸ್ಪೀಕರುಗಳು, ಮೂರು ಅಂತಸ್ತಿನ ಎತ್ತರ, 75 ಟನ್ ಸರಂಜಾಮು. ಆವ್ಸ್ಲಿ ಸ್ಟ್ಯಾನ್ಲಿಯ ಕನಸನ್ನು ಕಟ್ಟಿ ನಿಲ್ಲಿಸಿದ ತಂಡದಲ್ಲಿ ವಿಕರ್‌ಶಾಮ್, ಧ್ವನಿ ಎಂಜಿನಿಯರ್ ಡ್ಯಾನ್ ಹೀಲಿ ಮೊದಲಾದವರ ಜೊತೆ ಟರ್ನರ್ ಇದ್ದರು.

ಗಾತ್ರದಿಂದ ಬೆರಗಾಗಿ ಅಲ್ಲಿಗೇ ನಿಲ್ಲುವವರೇ ಹೆಚ್ಚು, ಅದರ ಹಿಂದಿನ ಯೋಚನೆ ಇನ್ನೂ ಸೊಗಸು. ಸಾಮಾನ್ಯವಾಗಿ ಎಲ್ಲ ವಾದ್ಯಗಳನ್ನೂ ಹಾಡನ್ನೂ ಬೆರೆಸಿ ಒಂದೇ ಸ್ಪೀಕರುಗಳಿಗೆ ಕಳುಹಿಸುತ್ತಾರೆ. ಬೇಸಿನ ಸ್ವರಕ್ಕೆ ಸ್ಪೀಕರಿನ ಕೋನ್ ದೊಡ್ಡದಾಗಿ ಹಿಂದೆಮುಂದೆ ಅಲುಗಬೇಕು. ಅದೇ ಕೋನ್ ಆ ಹೊತ್ತಿನಲ್ಲೇ ಗಾಯಕರ ದನಿಯನ್ನೂ ನುಡಿಯಬೇಕೆಂದರೆ ದನಿ ಆ ಅಲುಗಾಟದ ಮೇಲೆ ಕುಲುಕುತ್ತದೆ. ವಾಲ್ ಆಫ್ ಸೌಂಡ್‌ನಲ್ಲಿ ಪ್ರತಿ ವಾದ್ಯಕ್ಕೂ ಅದರದೇ ಆಂಪ್ಲಿಫೈಯರ್, ಅದರದೇ ಸ್ಪೀಕರ್ ಸಾಲು. ಗಾಯಕರಿಗೆ ಬೇರೆ ಸಾಲು. ಲೆಶ್ ಅವರ ಬೇಸಿನಲ್ಲಂತೂ ನಾಲ್ಕು ತಂತಿಗಳ ಸಂಕೇತವನ್ನು ಬೇರೆಬೇರೆಯಾಗಿ ಎತ್ತುವ ಪಿಕಪ್ ಇತ್ತು. ಒಂದೊಂದು ತಂತಿಯನ್ನೂ ಅದರದೇ ಸ್ಪೀಕರುಗಳಿಗೆ ಕಳುಹಿಸಬಹುದಿತ್ತು. ಒಬ್ಬ ವಾದಕರ ನಾಲ್ಕು ತಂತಿಗಳು ವೇದಿಕೆಯ ನಾಲ್ಕು ಜಾಗಗಳಿಂದ ನುಡಿಯುವುದನ್ನು ಊಹಿಸಿಕೊಳ್ಳಿ.

ಗೋಡೆ ತಂಡದ ಬೆನ್ನ ಹಿಂದೆಯೇ ಇದ್ದುದರಿಂದ ಕೇಳುಗರಿಗೆ ಕೇಳುವುದೇ ವಾದಕರಿಗೂ ಕೇಳುತ್ತಿತ್ತು. ಆದರೆ ಮೈಕಿನ ಹಿಂದೆಯೇ ಸ್ಪೀಕರ್ ಇದ್ದರೆ ಕೀಂ ಎಂದು ಕಿರುಚುತ್ತದೆಂದು ನಮ್ಮ ಮದುವೆ ಮನೆಯ ಮೈಕ್‌ಸೆಟ್‌ನವರಿಗೂ ಗೊತ್ತು. ಅದಕ್ಕೊಂದು ಉಪಾಯ ಹೂಡಿದರು. ಪ್ರತಿ ಗಾಯಕರ ಮುಂದೆ ಎರಡು ಮೈಕು, ಒಂದರ ಸಂಕೇತ ಇನ್ನೊಂದಕ್ಕೆ ವಿರುದ್ಧವಾಗಿ ಜೋಡಣೆ. ಗಾಯಕರು ಹಾಡುವುದು ಒಂದಕ್ಕೆ ಮಾತ್ರ, ಬಾಯಿ ಹತ್ತಿರ ಹಿಡಿದು. ಹಿಂದಿನ ಗೋಡೆಯ ಸದ್ದು ಎರಡಕ್ಕೂ ಸಮನಾಗಿ ತಲುಪಿ ಪರಸ್ಪರ ಅಳಿದುಹೋಗುತ್ತದೆ, ಹಾಡು ಉಳಿಯುತ್ತದೆ. ಬೇಸಿನೊಳಗಿನ ಆ ಬರಿ ಸುರುಳಿಯ ತತ್ವವೇ ಇಲ್ಲಿ ಮೈಕಾಗಿ ನಿಂತಿದೆ. ಒಂದೇ ಬಳಗ ವಾದ್ಯದ ಹೊಟ್ಟೆಯನ್ನೂ ವೇದಿಕೆಯನ್ನೂ ಒಟ್ಟಿಗೆ ಯೋಚಿಸಿದ್ದರ ಗುರುತು ಇದು.

ಗೋಡೆ ಬಾಳಿದ್ದು ಕೆಲವೇ ತಿಂಗಳು. ಕಟ್ಟಲು, ಬಿಚ್ಚಲು, ಊರಿಂದೂರಿಗೆ ಸಾಗಿಸಲು ಆಗುತ್ತಿದ್ದ ಖರ್ಚು ವಿಪರೀತ. ಒಂದು ಊರಿನಲ್ಲಿ ಕಛೇರಿ ನಡೆಯುತ್ತಿರುವಾಗಲೇ ಮುಂದಿನ ಊರಿನಲ್ಲಿ ಇನ್ನೊಂದು ವೇದಿಕೆ ಏಳಬೇಕಿತ್ತು. ಅಕ್ಟೋಬರ್ 1974ರಲ್ಲಿ ವಿಂಟರ್‌ಲ್ಯಾಂಡ್ ಸಭಾಂಗಣದ ಕಛೇರಿಗಳೊಂದಿಗೆ ಅದು ಮುಗಿಯಿತು. ಹಾಗಂತ ಅದನ್ನು ಸೋಲು ಎನ್ನಲಾರೆ. ಇಂದು ಬೆಂಗಳೂರಿನ ಅರಮನೆ ಮೈದಾನದ ದೊಡ್ಡ ಕಛೇರಿಗಳಲ್ಲಿ ವೇದಿಕೆಯ ಎರಡೂ ಬದಿ ಸ್ಪೀಕರುಗಳನ್ನು ಒಂದರ ಕೆಳಗೊಂದು ಉದ್ದುದ್ದ ತೂಗುಹಾಕಿರುತ್ತಾರೆ. ಸ್ಪೀಕರುಗಳನ್ನು ಲಂಬ ಸಾಲಿನಲ್ಲಿ ಜೋಡಿಸಿದರೆ ಸದ್ದು ಮೇಲೆಕೆಳಗೆ ಚೆದುರದೆ ದೂರ ಸಾಗುತ್ತದೆ ಎಂಬ ತತ್ವವನ್ನು ಆ ಗೋಡೆಯೂ ಬಳಸಿಕೊಂಡಿತ್ತು.

ಅಷ್ಟು ಹೊತ್ತಿಗೆ ಟರ್ನರ್ ಅವರ ಗಮನ ಮರದ ಮಿತಿಯ ಕಡೆ ತಿರುಗಿತ್ತು. ಬೇಸ್ ನುಡಿಸುವವರೆಲ್ಲ ಬಲ್ಲ ಒಂದು ಕಾಟವಿದೆ. ನೆಕ್ಕಿನ ಯಾವುದೋ ಒಂದೆರಡು ಫ್ರೆಟ್‌ಗಳಲ್ಲಿ ಸ್ವರ ಬೇಗ ಸತ್ತುಹೋಗುತ್ತದೆ. ನೆಕ್ಕಿಗೂ ತನ್ನದೇ ಸಹಜ ಕಂಪನವಿರುತ್ತದೆ. ತಂತಿಯ ಸ್ವರ ಅದಕ್ಕೆ ಸರಿಹೊಂದಿದರೆ ತಂತಿಯ ಶಕ್ತಿಯನ್ನೆಲ್ಲ ನೆಕ್ ಹೀರಿಕೊಳ್ಳುತ್ತದೆ. ನೆಕ್ಕನ್ನು ಹಗುರವಾಗಿಯೂ ಬಹಳ ಬಿಗುವಾಗಿಯೂ ಮಾಡಿದರೆ ಅದರ ಕಂಪನ ಮೇಲಕ್ಕೆ ಜರುಗಿ ಕಾಟ ತಗ್ಗುತ್ತದೆ. ಬಾಹ್ಯಾಕಾಶ ಉದ್ಯಮದಲ್ಲಿ ಕೆಲಸ ಮಾಡುತ್ತಿದ್ದ ಜೆಫ್ ಗೂಲ್ಡ್ ಅವರಿಗೆ ಅಂಥ ವಸ್ತುವಿನ ಪರಿಚಯವಿತ್ತು: ಕಾರ್ಬನ್ ನಾರಿನ ಗ್ರಾಫೈಟ್. ಗೂಲ್ಡ್ ಅಲೆಂಬಿಕ್‌ಗೆ ಬಂದರು, ಟರ್ನರ್ ಜೊತೆ ಸೇರಿ ಗ್ರಾಫೈಟ್ ನೆಕ್ ರೂಪಿಸಿದರು. 70ರ ದಶಕ ಮುಗಿಯುವ ಮೊದಲೇ ಅದು ವಾದಕರ ಕೈ ಸೇರಿತು. ಮಳೆ ಬಂದರೂ ಬಿಸಿಲು ಬಂದರೂ ಬಾಗದ ನೆಕ್.

ಈ ಹುಡುಕಾಟಕ್ಕೆ ಮುಂದೆ ಬೇರೆಯೇ ಅರ್ಥ ಬಂತು, ಅದರಲ್ಲಿ ನಮ್ಮ ಕಾಡಿನ ಪಾಲೂ ಇದೆ. ಪ್ರಪಂಚದ ಗಿಟಾರುಗಳಲ್ಲಿ ಬೆರಳಾಡುವ ಹಲಗೆಗೆ, ಬೆನ್ನಿಗೆ, ಪಕ್ಕೆಗೆ ಬಹುಕಾಲದಿಂದ ಬಳಸುವ ಮರಗಳಲ್ಲಿ ಪಶ್ಚಿಮ ಘಟ್ಟದ ಬೀಟೆ ಮುಖ್ಯವಾದದ್ದು. ಬ್ರೆಜಿಲ್‌ನ ಬೀಟೆ ಅಳಿವಿನಂಚಿಗೆ ಬಂದು 1992ರಲ್ಲಿ ಅದರ ಅಂತರರಾಷ್ಟ್ರೀಯ ವ್ಯಾಪಾರ ನಿಂತಂತಾದ ಮೇಲೆ ನಮ್ಮ ಬೀಟೆಯ ಮೇಲಿನ ಆಸೆ ಇನ್ನೂ ಹೆಚ್ಚಿತು. 2017ರಲ್ಲಿ ಇಡೀ ಬೀಟೆ ಕುಲವೇ ನಿಯಂತ್ರಣಕ್ಕೆ ಬಂದಾಗ ಗಿಟಾರ್ ತಯಾರಕರು ತತ್ತರಿಸಿದರು. 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಮರಕ್ಕೆ ಪರ್ಯಾಯ ಬೇಕೆಂಬ ಮಾತು ಈಗ ಎಲ್ಲರ ಬಾಯಲ್ಲಿದೆ. ದನಿಯ ಕಾರಣಕ್ಕೆ ಆ ಕೆಲಸ ನಲವತ್ತು ವರ್ಷ ಮೊದಲೇ ಆರಂಭವಾಗಿತ್ತು.

1978ರಲ್ಲಿ ಟರ್ನರ್ ಅಲೆಂಬಿಕ್ ಬಿಟ್ಟರು. ಅವರ ಬದುಕಿನ ಈ ತಿರುವು ನನಗೆ ಹೆಚ್ಚು ಇಷ್ಟ. ಅಲೆಂಬಿಕ್ ವಾದ್ಯಗಳ ಬಗ್ಗೆ ತಕರಾರುಗಳೂ ಇದ್ದವು, ಅವು ಸುಳ್ಳೂ ಅಲ್ಲ. ಭಾರ ಹೆಚ್ಚು, ಬೆಲೆ ಬಹಳ ಹೆಚ್ಚು, ಗುಂಡಿಗಳು ಹಲವು. ಎಲ್ಲವನ್ನೂ ಕೇಳಿಸುವ ವಾದ್ಯ ವಾದಕರ ತಪ್ಪನ್ನೂ ಮುಚ್ಚದೆ ಕೇಳಿಸುತ್ತದೆ. ಮೇಳದಲ್ಲಿ ಹುದುಗಿ ನುಡಿಯಬೇಕಾದಾಗ ಫೆಂಡರಿನ ದುಂಡು ದನಿಯೇ ಹಿತ ಎನ್ನುವವರು ಇಂದಿಗೂ ಬಹಳ. ಟರ್ನರ್ ಇದನ್ನೆಲ್ಲ ಅರಿತಿದ್ದರು ಎನ್ನುವುದಕ್ಕೆ ಅವರ ಮುಂದಿನ ವಾದ್ಯವೇ ಸಾಕ್ಷಿ.

ಅದು ಮಾಡೆಲ್ 1, ಬೇಸ್ ಅಲ್ಲ, ಗಿಟಾರ್. ಫ್ಲೀಟ್‌ವುಡ್ ಮ್ಯಾಕ್ ತಂಡದ ಬೇಸ್ ವಾದಕ ಜಾನ್ ಮ್ಯಾಕ್‌ವಿ ಅಲೆಂಬಿಕ್ ನುಡಿಸುತ್ತಿದ್ದರು, ಅದೇ ತಂಡದ ಗಿಟಾರ್ ವಾದಕ ಲಿಂಡ್ಸಿ ಬಕಿಂಗ್‌ಹ್ಯಾಮ್. ಅವರು ಗಿಟಾರ್ ಕಡ್ಡಿ ಹಿಡಿಯದೆ ಬೆರಳುಗಳಿಂದಲೇ ನುಡಿಸುವವರು. ಫೆಂಡರಿನ ತೆಳುವಾದ ಹೊಳಪಿಗೂ ಗಿಬ್ಸನ್ ಲೆಸ್ ಪಾಲ್‌ನ ದಪ್ಪ ದನಿಗೂ ನಡುವಿನದೊಂದು ಅವರಿಗೆ ಬೇಕಿತ್ತು. ಟರ್ನರ್ ಮಾಡಿಕೊಟ್ಟ ಗಿಟಾರಿನ ಆಕಾರ ಹತ್ತೊಂಬತ್ತನೇ ಶತಮಾನದ ಪುಟ್ಟ ಗಿಟಾರುಗಳಿಂದ ಬಂದದ್ದು, ಮುಂದೂ ಹಿಂದೂ ಮೆಲ್ಲನೆ ಉಬ್ಬಿದ ಮಹಾಗನಿ ದೇಹ. ಅದಕ್ಕೆ ಪಿಕಪ್ ಒಂದೇ. ಅದನ್ನು ಒಂದು ದುಂಡು ತಟ್ಟೆಯ ಮೇಲೆ ಕೂರಿಸಿದ್ದಾರೆ, ತಟ್ಟೆಯನ್ನು ತಿರುಗಿಸಬಹುದು. ತಿರುಗಿಸಿದಾಗ ಪಿಕಪ್ ತಂತಿಗಳ ಕೆಳಗೆ ಓರೆಯಾಗಿ, ದಪ್ಪ ತಂತಿಗಳ ಕಂಪನವನ್ನು ಒಂದು ಜಾಗದಲ್ಲಿ, ತೆಳು ತಂತಿಗಳದನ್ನು ಇನ್ನೊಂದು ಜಾಗದಲ್ಲಿ ಹಿಡಿಯುತ್ತದೆ. ಮಂದ್ರಕ್ಕೂ ತಾರಕ್ಕೂ ಬೇಕಾದ ತೂಕವನ್ನು ಒಂದೇ ತಿರುವಿನಲ್ಲಿ ಹೊಂದಿಸಬಹುದು. ಕ್ಯಾಸಡಿಯ ಬೇಸಿನಲ್ಲಿ ಹಳಿಗಳ ಮೇಲೆ ಸರಿದಾಡುತ್ತಿದ್ದ ಪಿಕಪ್ಪುಗಳ ವಿಚಾರವೇ ಇದು, ಏಳೆಂಟು ವರ್ಷ ಕುದಿದು ಇಳಿದ ಮೇಲೆ. ಒಳಗೆ ಪ್ರೀಆಂಪ್ ಇದೆ, ಆದರೆ ವಾದಕರ ಮುಂದೆ ಆಯ್ಕೆಗಳ ಸಂತೆಯಿಲ್ಲ. ಟರ್ನರ್ ಅವರ ಎಲ್ಲ ಕೆಲಸಗಳಲ್ಲಿ ಮಾಡೆಲ್ 1 ಅನ್ನು ನಾನು ಮೊದಲಿಗೆ ಇಡುತ್ತೇನೆ. ಬಕಿಂಗ್‌ಹ್ಯಾಮ್ 1979ರ ‘ಟಸ್ಕ್’ ಪ್ರವಾಸದಿಂದ ಮುಂದಿನ ದಶಕಗಳುದ್ದಕ್ಕೂ ವೇದಿಕೆಯ ಮೇಲೆ ಅದನ್ನೇ ಮುಖ್ಯ ವಾದ್ಯವಾಗಿ ನುಡಿಸಿದರು.

ಒಳ್ಳೆಯ ವಾದ್ಯ ಮಾಡಿದ ಮಾತ್ರಕ್ಕೆ ವ್ಯಾಪಾರ ನಿಲ್ಲುವುದಿಲ್ಲ. 80ರ ದಶಕದಲ್ಲಿ ಅವರ ಕಂಪನಿ ಮುಚ್ಚಿತು. ಗಿಬ್ಸನ್ ಕಂಪನಿಯ ಸಂಶೋಧನಾ ವಿಭಾಗದಲ್ಲಿ ಕೆಲಕಾಲ ದುಡಿದರು, ರಿಪೇರಿಗೆ ಮರಳಿದರು, ನಂತರ ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಜ್‌ನಲ್ಲಿ ನೆಲೆನಿಂತು ಮತ್ತೆ ತಮ್ಮದೇ ಹೆಸರಿನಲ್ಲಿ ಗಿಟಾರ್ ಕಟ್ಟಿದರು.

ಈ ಕೊನೆಯ ಘಟ್ಟದಲ್ಲಿ ಅವರನ್ನು ಹಿಡಿದಿಟ್ಟದ್ದು ಮರದ ದನಿಯ ಅಕೂಸ್ಟಿಕ್ ವಾದ್ಯಗಳು. ಅವುಗಳ ಕುದುರೆಯಡಿ ಪಿಯೆಜೊ ಎಂಬ, ಒತ್ತಿದರೆ ವಿದ್ಯುತ್ ಹುಟ್ಟಿಸುವ ಪಟ್ಟಿ ಇಟ್ಟು ದನಿ ಎತ್ತುತ್ತಾರೆ. ಜೋರಾಗಿ ಮೀಟಿದಾಗ ಅದು ಪ್ಲಾಸ್ಟಿಕ್ ತಟ್ಟಿದಂಥ ಕೆಟ್ಟ ಸದ್ದು ಮಾಡುತ್ತದೆಂಬುದು ವೇದಿಕೆಯಲ್ಲಿ ನುಡಿಸುವವರ ಹಳೆಯ ದೂರು. ತಪ್ಪು ಪಿಯೆಜೊದ್ದೊಂದೇ ಅಲ್ಲ. ಮೀಟಿದ ಕ್ಷಣದಲ್ಲಿ ಹುಟ್ಟುವ ವಿದ್ಯುತ್ತಿನ ಏರು 9 ವೋಲ್ಟಿನ ಪ್ರೀಆಂಪಿಗೆ ಹಿಡಿಸಲಾರದಷ್ಟು ದೊಡ್ಡದು, ಅದರ ತಲೆ ಕತ್ತರಿಸಿಹೋಗುತ್ತದೆ. ಪಿಕಪ್ ತಯಾರಕ ಸೆಮೂರ್ ಡಂಕನ್ ಜೊತೆ ಸೇರಿ ಟರ್ನರ್ ಕಟ್ಟಿದ ಡಿ-ಟಾರ್ ಸಂಸ್ಥೆ 18 ವೋಲ್ಟಿನ ಪ್ರೀಆಂಪ್ ತಂದಿತು. ರೋಗ ಎಲ್ಲಿದೆ ಎಂದು ತಂತಿಯಿಂದ ಹಿಡಿದು ಹೆಜ್ಜೆ ಹೆಜ್ಜೆಗೂ ತಡಕಿ ನೋಡುವ ಅದೇ ಅಲೆಂಬಿಕ್ ದಿನಗಳ ಅಭ್ಯಾಸ. ರೆನೆಸಾನ್ಸ್ ಹೆಸರಿನ ಅವರ ಗಿಟಾರ್, ಬೇಸುಗಳು ಈ ಚಿಂತನೆಯ ಫಲ. ಅದರ ಜೊತೆಜೊತೆಗೇ 1890ರ ದಶಕದಲ್ಲಿ ಬೋಸ್ಟನ್ನಿನಲ್ಲಿ ತಯಾರಾಗುತ್ತಿದ್ದ, ಜನ ಮರೆತೇಬಿಟ್ಟಿದ್ದ ಹೌ-ಓರ್ಮ್ ಗಿಟಾರುಗಳನ್ನು ಅಭ್ಯಾಸ ಮಾಡಿ, ನೆಕ್ಕಿನ ಓರೆಯನ್ನು ತಿರುಪಿನಿಂದಲೇ ಹೊಂದಿಸಬಹುದಾದ ಅವುಗಳ ಉಪಾಯವನ್ನು ತಮ್ಮ ಅಕೂಸ್ಟಿಕ್ ಗಿಟಾರುಗಳಲ್ಲಿ ಮತ್ತೆ ಬಳಕೆಗೆ ತಂದರು. ಉಕುಲೇಲೆಗಳನ್ನೂ ಮಾಡಿದರು.

ಕಲಿತದ್ದನ್ನು ಅವರು ಬಚ್ಚಿಡಲಿಲ್ಲ. ಗಿಟಾರ್ ಪತ್ರಿಕೆಗಳಿಗೆ ವರ್ಷಗಟ್ಟಲೆ ಬರೆದರು, ವಾದ್ಯ ತಯಾರಕರ ಸಂಘಗಳ ಸಮಾವೇಶಗಳಲ್ಲಿ ಪಾಠ ಹೇಳಿದರು. ವಾದ್ಯ ತಯಾರಿಕೆಯಲ್ಲಿ ಮನೆತನದ ಗುಟ್ಟು, ಕಾರ್ಖಾನೆಯ ಗುಟ್ಟು ಎಂದು ಕಾಪಾಡಿಕೊಳ್ಳುವ ಚಾಳಿ ಎಲ್ಲ ದೇಶಗಳಲ್ಲೂ ಇದೆ. ಸುರುಳಿಗೆ ಎಷ್ಟು ಸುತ್ತು, ನೆಕ್ಕಿಗೆ ಯಾವ ಪದರ, ಪ್ರೀಆಂಪಿಗೆ ಎಷ್ಟು ವೋಲ್ಟು, ಅದು ಯಾಕೆ ಅಷ್ಟೇ ಇರಬೇಕು ಎಂದು ಟರ್ನರ್ ಕಾರಣ ಸಹಿತ ವಿವರಿಸುತ್ತಿದ್ದರು. ಇಂದು ಸಣ್ಣ ಕೊಟ್ಟಿಗೆಯಲ್ಲಿ ಮೊದಲ ಬೇಸ್ ಕಟ್ಟಲು ಕೂತ ಹುಡುಗನೋ ಹುಡುಗಿಯೋ ಪಿಕಪ್ಪನ್ನು ಎಲ್ಲಿ ಕೂರಿಸಲಿ ಎಂದು ಯೋಚಿಸುವಾಗ, ಮುಂದಿನ ಕೇಬಲ್, ಪ್ರೀಆಂಪ್, ಸ್ಪೀಕರನ್ನೂ ಸೇರಿಸಿಯೇ ಲೆಕ್ಕ ಹಾಕುತ್ತಾರೆ. 1969ರಲ್ಲಿ ಹಾಗೆ ಲೆಕ್ಕ ಹಾಕುತ್ತಿದ್ದವರು ಬೆರಳೆಣಿಕೆಯ ಜನ.